ಕತ್ತರಿಸಿ ಉಳಿದದ್ದು

ಬಾಗಿಲು ದಾಟಿ ಒಳಗೆ ಬಂದ ಒಬ್ಬೊಬ್ಬರಿಗೂ ಒಂದೊಂದು ಸಲ ಒತ್ತಬೇಕು, ಅಷ್ಟೇ ಕೆಲಸ, ಎಂದು ಮೇಳದ ಮೇಲ್ವಿಚಾರಕಿ ಕೊಕ್ಕರೆ ಬೆಳಿಗ್ಗೆ ಹೇಳಿ ಹೋಗಿದ್ದಳು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಉಕ್ಕಿನ ಯಂತ್ರ. ಹೆಬ್ಬೆರಳಿನಿಂದ ಒತ್ತಿದರೆ ಟಿಕ್ ಎಂದು ಒಂದು ಅಂಕೆ ಮುಂದೆ ಹೋಗುತ್ತದೆ. ಹನ್ನೊಂದು ವರ್ಷಗಳಿಂದ ಈ ಊರಿನ ಕಲಾಮೇಳದಲ್ಲಿ ಸ್ವಯಂಸೇವಕಿಯಾಗಿ ನಿಲ್ಲುತ್ತಿರುವವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಹತ್ತೂವರೆಯ ಹೊತ್ತಿಗೆ ತಾನು ಎಣಿಸುತ್ತಿರುವುದು ಬೇರೆಯದನ್ನೇ ಎಂದು ಅವಳಿಗೆ ಗೊತ್ತಾಯಿತು. ಬಾಗಿಲಲ್ಲಿ ಬಂದವರಿಗೆ ಹೆಬ್ಬೆರಳು ಒತ್ತುತ್ತಿರಲಿಲ್ಲ. ಕೋಣೆಯ ಹಿಂದಿನ ಗೋಡೆಯ ಎದುರು ಯಾರಾದರೂ ನಿಂತರೆ, ನಿಂತು ಒಂದು ಹೆಜ್ಜೆ ಹಿಂದೆ ಸರಿದು ತಲೆ ಓರೆ ಮಾಡಿದರೆ, ಆಗ ಟಿಕ್. ಕಬ್ಬಿಣದ ಹಕ್ಕಿಗಳ ಮುಂದೆ ನಿಂತವರು ಲೆಕ್ಕಕ್ಕಿಲ್ಲ. ಮಣ್ಣಿನ ಹೂಜಿಗಳ ಮುಂದೆ ನಿಂತವರೂ ಇಲ್ಲ. ಆ ಗೋಡೆಯೊಂದೇ. ನಲವತ್ತೊಂದು. ನಲವತ್ತೆರಡು. ನಲವತ್ತೆರಡನೆಯವನು ತನ್ನ ಹೆಂಡತಿಯನ್ನು ಕೈಹಿಡಿದು ಎಳೆದು ತಂದು ತೋರಿಸಿದ. ನಲವತ್ತಮೂರು.

ಮೇಳಕ್ಕೆ ಕೊಟ್ಟಿದ್ದ ಕಟ್ಟಡ ಹಿಂದೊಮ್ಮೆ ಅಂಚೆ ಕಚೇರಿಯಾಗಿತ್ತು. ಇದು ಕಾಗದಗಳನ್ನು ವಿಂಗಡಿಸುತ್ತಿದ್ದ ಕೋಣೆ. ಎಡಗಡೆ ಗೋಡೆಯುದ್ದಕ್ಕೂ ಮರದ ಗೂಡುಗಳು, ಪ್ರತಿ ಗೂಡಿನ ಕೆಳಗೆ ಮಾಸಿದ ನಂಬರು. ಈಗ ಅವುಗಳಲ್ಲಿ ಹೂಜಿಗಳು ಕೂತಿವೆ. ಹಿಂದಿನ ಗೋಡೆಯನ್ನು ಪೂರ್ತಿ ಮುಚ್ಚಿದ್ದು ಒಂದು ಬಟ್ಟೆ. ಹತ್ತಿರ ಹೋಗಿ ನೋಡಿದರೆ ಗೊತ್ತಾಗುತ್ತದೆ, ಅದು ಪ್ಯಾಂಟಿನ ಕಾಲುಗಳ ತುದಿ. ಉದ್ದವಾದ ಪ್ಯಾಂಟನ್ನು ಗಿಡ್ಡ ಮಾಡಿಸುವಾಗ ಕತ್ತರಿಸಿ ಎಸೆಯುವ ನಾಲ್ಕು ಬೆರಳಗಲದ ಪಟ್ಟಿಗಳು. ಕಪ್ಪು, ಕಡುನೀಲಿ, ಬೂದು, ಜೀನ್ಸಿನ ನೀಲಿ, ಸಣ್ಣ ಗೀರಿನ ಸೂಟಿನ ಬಟ್ಟೆ, ಎಲ್ಲೋ ನಡುವೆ ಒಂದೇ ಒಂದು ಕೆಂಪು. ಸಾವಿರದ ಇನ್ನೂರು ಚಿಲ್ಲರೆ ಪಟ್ಟಿಗಳನ್ನು ಒಂದಕ್ಕೊಂದು ಕೂಡಿಸಿ ಹೊಲಿದಿದೆ. ಕತ್ತರಿಸುವ ಮೊದಲು ಎಳೆದ ಸೀಮೆಸುಣ್ಣದ ಗೆರೆಗಳನ್ನು ಹಾಗೇ ಬಿಟ್ಟಿದೆ. ದೂರ ನಿಂತರೆ ಸಂಜೆಯ ಕೆರೆಯ ಮೇಲೆ ಗಾಳಿ ಹಾದು ಹೋದಂತೆ ಕಾಣುತ್ತದೆ. ಹಾಗೆ ಕಾಣುತ್ತದೆ ಎಂದು ಮೊದಲು ಅನ್ನಿಸಿದ್ದು ನಿನ್ನೆ, ಏಣಿಯ ಕಾಲನ್ನು ಹಿಡಿದುಕೊಂಡು ಅವಳು ಕೆಳಗೆ ನಿಂತಿದ್ದಾಗ. ಅನ್ನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂದಿತ್ತು. ಕೆಟ್ಟದಾಗಿದ್ದರೆ ಎಷ್ಟು ಸುಲಭವಿತ್ತು. ಪಕ್ಕದಲ್ಲಿ ಬಿಳಿ ಕಾರ್ಡು; ಅದರಲ್ಲಿ ದಪ್ಪ ಅಕ್ಷರದಲ್ಲಿ ಮನೆತನದ ಹೆಸರು, ಕೆಳಗೆ ಸಣ್ಣದಾಗಿ ಚಿಕ್ಕವಳ ಹೆಸರು. ಇವಳ ಎದೆಯ ಮೇಲೆ ಸಿಕ್ಕಿಸಿಕೊಂಡ ಬಿಲ್ಲೆಯಲ್ಲೂ ಅದೇ ಮನೆತನದ ಹೆಸರು, ಕೆಳಗೆ ‘ಸ್ವಯಂಸೇವಕಿ’ ಎಂದು. ಮದುವೆಯಾಗಿ ಹೆಸರಿನ ಬಾಲಕ್ಕೆ ಅಂಟಿಸಿಕೊಂಡು ಇಪ್ಪತ್ತು ವರ್ಷವಾದರೂ ಅದನ್ನು ಗೋಡೆಯ ಮೇಲೆ ನೋಡಿದ್ದು ಇದೇ ಮೊದಲು.

ಚಿಕ್ಕವಳು ಅವಳ ಓರಗಿತ್ತಿ, ಗಂಡನ ತಮ್ಮನ ಹೆಂಡತಿ. ಅತ್ತೆ ಮೊದಲ ದಿನದಿಂದ ಕರೆದದ್ದು ಹಾಗೆಯೇ: ಇವಳು ದೊಡ್ಡವಳು, ಅವಳು ಚಿಕ್ಕವಳು. ಮೂರು ವರ್ಷದ ಹಿಂದೆ ಮೈದುನನ ಜೊತೆ ಈ ಪರದೇಶಕ್ಕೆ ಬಂದಾಗ ವಿಮಾನ ನಿಲ್ದಾಣದಿಂದ ಕರೆದುಕೊಂಡು ಬಂದದ್ದು, ಬಸ್ಸಿನ ಕಾರ್ಡು ಉಜ್ಜುವುದನ್ನು ಕಲಿಸಿದ್ದು, ಇಲ್ಲಿನ ಭಾಷೆಯಲ್ಲಿ ‘ಕ್ಷಮಿಸಿ’ ಎನ್ನುವುದನ್ನು ಹತ್ತು ಸಲ ಹೇಳಿಸಿದ್ದು ಇವಳೇ. ಬಟ್ಟೆ ಒಗೆಯುವ ಅಂಗಡಿಯ ನೆಲಮಾಳಿಗೆಯಲ್ಲಿ ಪ್ಯಾಂಟು ಆಲ್ಟರ್ ಮಾಡುವ ಕೆಲಸ ಕೊಡಿಸಿದ್ದೂ ಇವಳೇ. ಕೊಡಿಸಿ, ಆ ಸಂಜೆ ಗಂಡನ ಹತ್ತಿರ, “ಎರಡು ಡಿಗ್ರಿ ಇಟ್ಕೊಂಡು ಕಂಡೋರ ಪ್ಯಾಂಟಿಗೆ ಸೂಜಿ ಹಾಕ್ತಾಳೆ ಪಾಪ” ಎಂದಿದ್ದಳು. ಆ ‘ಪಾಪ’ದಲ್ಲಿ ಎಷ್ಟು ಸುಖವಿತ್ತು. ಚಿಕ್ಕವಳಿಗೆ ಮಾತ್ರ ಯಾವ ಪಾಪವೂ ತಟ್ಟಿದಂತಿರಲಿಲ್ಲ. ಸಂಜೆ ಕಾರಿನಲ್ಲಿ ಕರೆತರುವಾಗ ದಾರಿಯುದ್ದಕ್ಕೂ ಅಂಗಡಿಯದೇ ಸುದ್ದಿ. “ಅಕ್ಕಾ, ಈ ಊರಲ್ಲಿ ಎಲ್ರಿಗೂ ಪ್ಯಾಂಟು ಉದ್ದ. ದೇವರು ಕಾಲು ಕೊಡೋವಾಗ ಅಂಗಡಿಯೋರನ್ನ ಒಂದು ಮಾತು ಕೇಳಬಾರದಿತ್ತಾ?” ಅವಳಿಗೇ ನಗು, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು. ಕಾರು ಓಡಿಸುತ್ತಿದ್ದವಳಿಗೂ ನಗು ಬರುತ್ತಿತ್ತು, ಅದನ್ನು ಕನ್ನಡಿಯ ಕಡೆಗೆ ತಿರುಗಿಸಿ ನುಂಗುತ್ತಿದ್ದಳು. ಆ ಪಟ್ಟಿಗಳನ್ನು ತುಂಬಿದ ಮೂರು ಚೀಲ ಒಂದು ಚಳಿಗಾಲವಿಡೀ ಇವರ ಕಾರು ಶೆಡ್ಡಿನಲ್ಲಿತ್ತು. ಮೈದುನನ ಮನೆ ಒಂದೇ ಕೋಣೆಯದು, ಅಲ್ಲಿ ಜಾಗವಿರಲಿಲ್ಲ. ಒಂದು ಮಂಗಳವಾರ, ಕಸದ ಗಾಡಿ ಬರುವ ದಿನ, ಅವಳು ಆ ಮೂರೂ ಚೀಲಗಳನ್ನು ಹೊರಗಿಟ್ಟಳು. ಗೊತ್ತಿಲ್ಲದೆ ಇಟ್ಟದ್ದಲ್ಲ. ಸಂಜೆ ನೋಡಿದರೆ ಮೂರೂ ಚೀಲ ಶೆಡ್ಡಿನ ಮೂಲೆಯಲ್ಲಿ ಮೊದಲಿದ್ದ ಜಾಗದಲ್ಲೇ ಇದ್ದವು. ಚಿಕ್ಕವಳು ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಜಗಳವಾಡಬಹುದಿತ್ತು.

“ಇದನ್ನ ಮುಟ್ಟಬಹುದಾ?” ಎಂದು ಯಾರೋ ಕೇಳಿದರು. “ಮುಟ್ಟಬೇಡಿ,” ಎಂದಳು. ಸ್ವರ ಬೇಕಾದ್ದಕ್ಕಿಂತ ಗಟ್ಟಿಯಾಗಿ ಬಂತು. ಕೇಳಿದವರು ಕೈ ಹಿಂದಕ್ಕೆ ಕಟ್ಟಿಕೊಂಡರು. ನಲವತ್ತೆಂಟು. ಅವಳ ಜಲವರ್ಣದ ಚಿತ್ರಗಳನ್ನು ಯಾರೂ ಮುಟ್ಟಬಹುದಾ ಎಂದು ಕೇಳುವ ಪ್ರಸಂಗವೇ ಬಂದಿರಲಿಲ್ಲ. ಏಳು ವರ್ಷ ಬುಧವಾರ ಸಂಜೆಯ ತರಗತಿಗೆ ಹೋಗಿ ಕಲಿತಿದ್ದಳು. ಮೇಷ್ಟ್ರು ಪ್ರತಿ ಸಲವೂ ಹಾಳೆಯನ್ನು ಬೆಳಕಿಗೆ ಹಿಡಿದು, “ತುಂಬ ಶುಚಿಯಾಗಿದೆ” ಎನ್ನುತ್ತಿದ್ದರು. ಆ ಮಾತನ್ನು ಬಹಳ ದಿನ ಹೊಗಳಿಕೆ ಎಂದುಕೊಂಡಿದ್ದಳು. ನಾಲ್ಕು ವರ್ಷ ಮೇಳಕ್ಕೆ ಅರ್ಜಿ ಹಾಕಿದಳು. ನಾಲ್ಕು ಸಲವೂ ವಿಷಾದದ ಪತ್ರ ಬಂತು. ಪತ್ರದ ಕೊನೆಯಲ್ಲಿ ಒಂದು ಚೌಕ: ಸ್ವಯಂಸೇವಕರಾಗಿ ನೆರವಾಗಲು ಇಷ್ಟವಿದ್ದರೆ ಇಲ್ಲಿ ಗುರುತು ಹಾಕಿ. ಮೊದಲ ವರ್ಷ ಅವಮಾನವನ್ನು ಮರೆಸಲೆಂದು ಗುರುತು ಹಾಕಿದ್ದು, ಆಮೇಲೆ ಕೈಗೆ ಅಭ್ಯಾಸವಾಯಿತು. ಚಿಕ್ಕವಳು ಅರ್ಜಿಯನ್ನೇ ಹಾಕಿರಲಿಲ್ಲ. ಮೇಳದ ಮೇಲ್ವಿಚಾರಕಿ ಆರಡಿ ದಾಟಿದವಳು, ಕಾಲೆತ್ತಿ, ಎಲ್ಲಿಡಲಿ ಎಂದು ಒಂದು ಗಳಿಗೆ ಯೋಚಿಸಿ ಇಟ್ಟಂತೆ ನಡೆಯುವವಳು. ಇಡೀ ಊರಿನಲ್ಲಿ ಪ್ಯಾಂಟನ್ನು ಉದ್ದ ಮಾಡಿಸಲು ಆ ಅಂಗಡಿಗೆ ಹೋದವಳು ಅವಳೊಬ್ಬಳೇ. ಬಣ್ಣ ಹೊಂದುವ ತುಂಡು ಹುಡುಕಲು ಚಿಕ್ಕವಳು ಮೇಜಿನ ಕೆಳಗಿನಿಂದ, ಅದುವರೆಗೆ ಹೊಲಿದಿಟ್ಟಿದ್ದ ಆ ಬಟ್ಟೆಯ ಸುರುಳಿಯನ್ನು ಎಳೆದು ನೆಲದ ಮೇಲೆ ಬಿಡಿಸಿದಳಂತೆ. ಬಂದವಳು ಪ್ಯಾಂಟು ಮರೆತು ಅದರ ಪಕ್ಕ ಮಂಡಿಯೂರಿ ಕೂತಳಂತೆ. “ಕೂತಾಗ ಥೇಟ್ ಕೊಕ್ಕರೆ ಅಕ್ಕಾ! ಮೀನು ಕಂಡ ಹಾಗೆ ನೋಡ್ತಿದ್ಲು,” ಎಂದು ಆ ದಿನ ಕಾರಿನಲ್ಲಿ ಚಿಕ್ಕವಳು ನಕ್ಕಳು. ಕೊಕ್ಕರೆ ಎಂಬ ಹೆಸರು ಹುಟ್ಟಿದ್ದು ಅಂದೇ. ಹನ್ನೊಂದು ವರ್ಷ ಅವಳ ಜೊತೆ ದುಡಿದವಳಿಗೆ ಹೊಳೆಯದ ಹೆಸರು.

ಮೊನ್ನೆ ಅತ್ತೆ ಫೋನು ಮಾಡಿದ್ದರು. “ಚಿಕ್ಕವಳದ್ದು ಅಲ್ಲಿ ಗೋಡೆ ತುಂಬ ಹಾಕ್ತಾರಂತೆ, ನಿಂದೇನಮ್ಮಾ?”

“ನಾನು ನಿಂತ್ಕೋತೀನಿ ಅತ್ತೆ. ಕಾಯೋಕೆ.”

“ನಿಂತ್ಕೊಳ್ಳೋದೂ ಒಂದು ಕೆಲಸಾನೇ ಬಿಡು. ಎಲ್ರೂ ಪಲ್ಲಕ್ಕೀಲಿ ಕೂತ್ರೆ ಹೊರೋರು ಯಾರು?”

ಪಕ್ಕದಲ್ಲಿ ಕೇಳಿಸಿಕೊಂಡ ಗಂಡ ಸಮಾಧಾನ ಮಾಡಲು ಹೋದ. “ಅವಳು ಬರೀ ಗೋಡೆ ಮೇಲಿರ್ತಾಳೆ ಕಣೇ. ಮೂರು ದಿನ ಅಲ್ಲಿರೋಳು ನೀನು.” ಅವಳು ಎದ್ದು ಹೋಗಿ ಸಿಂಕಿನಲ್ಲಿದ್ದ ಒಂದೇ ಲೋಟವನ್ನು ಎರಡು ಸಲ ತೊಳೆದಳು.

ಬೂದು ಕೋಟಿನ ಹೆಂಗಸು ಒಳಗೆ ಬಂದಾಗ ಹನ್ನೊಂದು ದಾಟಿತ್ತು. ಅರವತ್ತರ ಆಚೆಯ ವಯಸ್ಸು, ಗಿಡ್ಡ ಕೂದಲು, ಕೈಯಲ್ಲಿ ಸಾಮಾನಿನ ಚೀಲವಿಲ್ಲ, ಒಂದು ಸಣ್ಣ ನೋಟುಪುಸ್ತಕ ಮಾತ್ರ. ಹಕ್ಕಿಗಳನ್ನು ನೋಡಿದಳು, ಹೂಜಿಗಳನ್ನು ನೋಡಿದಳು, ಹಿಂದಿನ ಗೋಡೆಗೆ ಬಂದು ನಿಂತೇಬಿಟ್ಟಳು. ಐದು ನಿಮಿಷ. ಆಮೇಲೆ ಕಾರ್ಡು ಓದಿದಳು, ತಿರುಗಿ ಇವಳ ಎದೆಯ ಬಿಲ್ಲೆಯಲ್ಲಿ ಅದೇ ಮನೆತನದ ಹೆಸರು ಓದಿದಳು, ಕೆಳಗಿನ ಸಾಲಿಗೆ ಕಣ್ಣು ಇಳಿಯುವ ಮೊದಲೇ ಮುಖ ಅರಳಿತು. “ಓ! ಇದು ನಿಮ್ಮದು, ಅಲ್ಲವೇ?”

ಅವಳು ತಲೆಯಾಡಿಸಿದಳು. ಅದು ಹೌದು ಎಂದಲ್ಲ, ಅಲ್ಲ ಎಂದೂ ಅಲ್ಲ. ‘ಹೇಳಿ, ಕೇಳ್ತಿದ್ದೀನಿ’ ಎಂದು ನಮ್ಮವರು ಕತ್ತನ್ನು ಆ ಕಡೆ ಈ ಕಡೆ ಒಲೆದು ಸೂಚಿಸುತ್ತಾರಲ್ಲ, ಅಷ್ಟೇ. ಹದಿನಾಲ್ಕು ವರ್ಷ ಇಲ್ಲಿದ್ದರೂ ಕತ್ತಿಗೆ ಇಲ್ಲಿನ ಭಾಷೆ ಬಂದಿರಲಿಲ್ಲ. ಆಕೆ ಅದನ್ನು ಹೌದು ಎಂದೇ ತಿಳಿದಳು. ಅಲ್ಲಿಯವರೆಗೆ ತಪ್ಪು ಕತ್ತಿನದು. ಆಮೇಲಿನದು ಕತ್ತಿನದಲ್ಲ. ಆಮೇಲೆ ಒಂದು ಗಳಿಗೆ ಸಿಕ್ಕಿತ್ತು, ಅಷ್ಟೇನೂ ಚಿಕ್ಕ ಗಳಿಗೆಯಲ್ಲ, ‘ಅಲ್ಲ, ನನ್ನ ಓರಗಿತ್ತಿಯದು’ ಎನ್ನಲು ಬೇಕಾದಷ್ಟು ದೊಡ್ಡದು. ದೊಡ್ಡ ನಗರದ ವಸ್ತುಸಂಗ್ರಹಾಲಯದಿಂದ ಯಾರೋ ಒಬ್ಬರು ಹೇಳದೆ ಕೇಳದೆ ಬಂದು, ಮೇಳದ ಒಬ್ಬ ಕಲಾವಿದರನ್ನು ಆರಿಸುತ್ತಾರೆ, ಆರಿಸಿದವರಿಗೆ ಮೂರು ತಿಂಗಳು ಅಲ್ಲಿ ಕೋಣೆ, ಮೇಜು, ಊಟ, ಹೆಸರು ಎಲ್ಲ ಸಿಗುತ್ತದೆ, ಎಂದು ಕೊಕ್ಕರೆ ಎಲ್ಲ ಸ್ವಯಂಸೇವಕರಿಗೂ ಹೇಳಿದ್ದಳು. “ಕಿಟಕಿ ಇರೋ ಕೋಣೆ ಅಂತೆ ಅಕ್ಕಾ,” ಎಂದು ಚಿಕ್ಕವಳು ಕಾರಿನಲ್ಲಿ ಮೆಲ್ಲಗೆ ಹೇಳಿದ್ದಳು. ನೆಲಮಾಳಿಗೆಯ ಟ್ಯೂಬ್‌ಲೈಟಿನಲ್ಲಿ ಕಪ್ಪು ಬಟ್ಟೆಗೆ ಕಪ್ಪು ದಾರ ಪೋಣಿಸಿ ಪೋಣಿಸಿ ಅವಳ ಕಣ್ಣು ಸಂಜೆಗೆ ನೀರಾಡುತ್ತಿದ್ದವು. ಆ ದಿನ ಮಾತ್ರ ಅವಳು ಏನೂ ತಮಾಷೆ ಮಾಡಲಿಲ್ಲ. ಈ ಬೂದು ಕೋಟಿನವಳೇ ಅವರಿರಬಹುದೆಂದು ತನಗೆ ಹೊಳೆದಿರಲಿಲ್ಲ ಎಂದು ಅವಳು ಆಮೇಲೆ ಎಷ್ಟೋ ಸಲ ಹೇಳಿಕೊಂಡಳು. ನೋಟುಪುಸ್ತಕ ಕಂಡಾಗಲೇ ಹೊಳೆದಿತ್ತು.

“ಇದರಲ್ಲಿ ಯಾರು ಯಾರು ಇದ್ದಾರೆ?” ಎಂದು ಆಕೆ ಕೇಳಿದಳು. ಏನು ಎಂದಲ್ಲ, ಯಾರು ಎಂದು. ಆ ಪ್ರಶ್ನೆಗೆ ಅವಳ ಬಾಯಿ ತಾನಾಗಿ ಬಿಚ್ಚಿತು. ಈ ನೀಲಿ ಇದೆಯಲ್ಲ, ಒಬ್ಬ ಮದುಮಗನದು, ಹೆದರಿಕೆಗೆ ದಿನಕ್ಕಿಷ್ಟು ಕುಗ್ಗುತ್ತಿದ್ದವನಂತೆ ಮೂರು ಸಲ ಬಂದು ಗಿಡ್ಡ ಮಾಡಿಸಿದ. ಈ ಎರಡು ನೋಡಿ, ಒಂದೇ ಬಟ್ಟೆ, ಒಂದು ಮೂರು ಬೆರಳು, ಒಂದು ಐದು. ಒಬ್ಬ ಬಸ್ ಡ್ರೈವರನದು, ಒಂದು ಕಾಲು ಗಿಡ್ಡ. ಇಪ್ಪತ್ತು ವರ್ಷದಿಂದ ಯಾರಿಗೂ ಗೊತ್ತಿಲ್ಲ, ದರ್ಜಿಗೆ ಮಾತ್ರ ಗೊತ್ತು. ಈ ಬೂದು ಒಬ್ಬ ವಿಧವೆ ತಂದದ್ದು, ಗಂಡನ ಪ್ಯಾಂಟು, ತನ್ನ ಅಳತೆಗೆ ಮಾಡಿಕೊಡಿ ಎಂದು ತಂದಳು, ಅಳತೆ ತೆಗೆಯುವಾಗ ಕನ್ನಡಿಯಲ್ಲಿ ಕಾಲನ್ನಷ್ಟೇ ನೋಡಿಕೊಂಡಳು, ಮುಖ ನೋಡಿಕೊಳ್ಳಲಿಲ್ಲ. ಎಲ್ಲವೂ ಚಿಕ್ಕವಳು ಕಾರಿನಲ್ಲಿ ಹೇಳಿದ್ದೇ. ಆದರೆ ಅವಳು ಹೇಳಿದ್ದು ಹೀಗಲ್ಲ. ನಗುತ್ತ, ಸಿಗ್ನಲ್ಲಿನಲ್ಲಿ ಅರ್ಧಕ್ಕೆ ಬಿಟ್ಟು, ಇನ್ನೊಂದಕ್ಕೆ ಹಾರಿ. ಮುಖ ನೋಡಿಕೊಳ್ಳಲಿಲ್ಲ ಎನ್ನುವುದನ್ನು ಚಿಕ್ಕವಳು ಹೇಳಿಯೇ ಇರಲಿಲ್ಲ. ಅದು ಇವಳಿಗೆ ಆ ಕ್ಷಣ ಕಂಡದ್ದು. ಹದಿನಾಲ್ಕು ವರ್ಷ ಹಾಲಿನ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಮಗಳ ಶಾಲೆಯಲ್ಲಿ ತಡವರಿಸಿದ ಇಲ್ಲಿನ ಭಾಷೆ ಈಗ ಕರೆದಲ್ಲಿಗೆ ಬರುತ್ತಿತ್ತು. ತನ್ನ ಕೈಗಳು ಗಾಳಿಯಲ್ಲಿ ಬಟ್ಟೆಯನ್ನು ಹಿಡಿದು, ಮಡಿಸಿ, ಕತ್ತರಿಸಿ ತೋರಿಸುತ್ತಿರುವುದನ್ನು ಅವಳು ನೋಡಿದಳು. ಇಷ್ಟು ಖುಷಿ ಯಾವಾಗ ಪಟ್ಟಿದ್ದೆ ಎಂದು ನೆನೆಯಲು ಹೋದರೆ ಏನೂ ನೆನಪಾಗಲಿಲ್ಲ.

“ಇವನ್ನು ಎಸೆಯದೆ ಯಾಕೆ ಇಟ್ಟುಕೊಂಡಿರಿ?”

ಎಸೆದವಳು ಬಟ್ಟೆಯ ಅಂಚನ್ನು ನೇರಮಾಡಿದಳು. “ಯಾರಾದರೂ ಒಂದು ದಿನ ವಾಪಸು ಕೇಳಿಕೊಂಡು ಬರಬಹುದು ಅಂತ,” ಎಂದಳು. ಬೂದು ಕೋಟಿನವಳು ಬರೆದುಕೊಳ್ಳುವುದನ್ನು ನಿಲ್ಲಿಸಿ ಅವಳ ಮುಂಗೈ ಹಿಡಿದು ಮೆಲ್ಲಗೆ ಅದುಮಿದಳು. “ಮಧ್ಯಾಹ್ನ ಮತ್ತೆ ಬರುತ್ತೇನೆ,” ಎಂದು ಹೊರಟು ಹೋದಳು.

ಊಟದ ಬಿಡುವಿನಲ್ಲಿ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಳು. ಹಿಂದೊಮ್ಮೆ ಅಂಚೆಯ ಗಾಡಿಗಳು ನಿಲ್ಲುತ್ತಿದ್ದ ಅಂಗಳದಲ್ಲಿ ಕೊಕ್ಕರೆ ಫೋನು ಕಿವಿಗಿಟ್ಟುಕೊಂಡು ಅತ್ತಿಂದಿತ್ತ ಓಡಾಡುತ್ತಿದ್ದಳು. ಎದ್ದು ಹೋಗಿ ಹೇಳಿಬಿಟ್ಟರೆ ಮುಗಿಯಿತು. ‘ಒಬ್ಬರು ಬಂದಿದ್ದರು, ನನ್ನನ್ನೇ ಅವಳು ಅಂದುಕೊಂಡರು.’ ಅಂದುಕೊಂಡರು: ಎಷ್ಟು ಒಳ್ಳೆಯ ಪದ, ತಪ್ಪನ್ನೆಲ್ಲ ಆಚೆ ಕಡೆಗೆ ದಾಟಿಸಿಬಿಡುತ್ತದೆ. ವಾಕ್ಯವನ್ನು ಇಲ್ಲಿನ ಭಾಷೆಯಲ್ಲಿ ಕಟ್ಟಿಕೊಂಡಳು, ವ್ಯಾಕರಣ ಸರಿಮಾಡಿಕೊಂಡಳು. ಬೆಳಿಗ್ಗೆ ತಾನಾಗಿ ಹರಿದ ಭಾಷೆ ಈಗ ಕಲ್ಲಿನಂತೆ ನಾಲಿಗೆಯ ಕೆಳಗೆ ಕೂತಿತು. ಚಿಕ್ಕಂದಿನಲ್ಲಿ ಪಕ್ಕದ ಮನೆಯ ಹುಡುಗಿಯ ಹೊಸ ಬಳೆಗಳನ್ನು ಒಂದು ಮಧ್ಯಾಹ್ನ ಹಾಕಿಕೊಂಡು ಬೀದಿಯ ಕೊನೆಯವರೆಗೆ ಹೋಗಿ ಬಂದದ್ದು ನೆನಪಾಯಿತು. ತೆಗೆಯುವಾಗ ಒಂದು ಒಡೆಯಿತು. ಒಡೆದದ್ದಕ್ಕೆ ಅಮ್ಮ ಬೈಯಲಿಲ್ಲ; “ನಿನಗೆ ಅವು ಒಪ್ಪಿದ್ವಲ್ಲೇ, ಅದಕ್ಕೇ ತೆಗೆಯೋಕೆ ಮನಸ್ಸು ಬರ್ಲಿಲ್ಲ” ಎಂದು ಅಮ್ಮ ಸುಮ್ಮನೆ ಅಂದಿದ್ದಳು, ಬೈಗುಳಕ್ಕಿಂತ ಹೆಚ್ಚು ಉರಿಯುವ ಹಾಗೆ. ಕೊಕ್ಕರೆ ಫೋನು ಮುಗಿಸಿ ಇವಳ ಕಡೆ ಕೈಬೀಸಿದಳು. ಇವಳೂ ಬೀಸಿದಳು. ಡಬ್ಬಿ ಮುಚ್ಚಿಕೊಂಡು ಒಳಗೆ ಹೋದಳು.

ಶನಿವಾರ ಅಂಗಡಿ ಎರಡಕ್ಕೇ ಮುಚ್ಚುತ್ತದೆ. ಎರಡೂವರೆಗೆ ಚಿಕ್ಕವಳು ಬಂದಳು, ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು, ತೋಳಿನ ಮೇಲೆಲ್ಲ ದಾರದ ಎಳೆಗಳು. ಬಾಗಿಲಲ್ಲೇ ನಿಂತು, ಬರಬಹುದೋ ಬಾರದೋ ಎಂಬಂತೆ ಇಣುಕಿದಳು.

“ಬಾರೇ ಒಳಗೆ. ನಿನ್ನದೇ ಇದೆಯಲ್ಲ.”

“ಅಕ್ಕಾ, ಇಷ್ಟು ಜನ! ಎಲ್ರೂ ಇದನ್ನೇ ನೋಡೋಕೆ ಬಂದಿರೋದಾ, ಇಲ್ಲ ಹೊರಗೆ ಚಳಿ ಅಂತಾನಾ?” ಎಂದು ಪಿಸುಗುಟ್ಟಿದಳು. ಆಮೇಲೆ ಇವಳ ಮುಖ ನೋಡಿ, “ಊಟ ಆಯ್ತಾ? ಬೆಳಗ್ಗೆಯಿಂದ ನಿಂತೇ ಇದ್ದೀರಾ? ಕೂತ್ಕೊಳ್ಳಿ, ಸ್ವಲ್ಪ ಹೊತ್ತು ನಾನು ಟಿಕ್ ಟಿಕ್ ಮಾಡ್ತೀನಿ, ಕೊಡಿ,” ಎಂದು ಕೈಚಾಚಿದಳು.

“ಬೇಡ.” ಯಂತ್ರವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಅದರಲ್ಲಿದ್ದ ಅಂಕೆಯನ್ನು ಚಿಕ್ಕವಳು ನೋಡುವುದು ಬೇಡವಾಗಿತ್ತು. ಒಳ್ಳೆಯವಳಾಗದಿರಲು ಏನು ತೆಗೆದುಕೊಳ್ಳುತ್ತೀಯೇ ನೀನು, ಎಂದು ಮನಸ್ಸಿನಲ್ಲೇ ಕೇಳಿದಳು. ಈಗಲೂ ಹೇಳಬಹುದಿತ್ತು. ‘ಒಬ್ಬಳು ಬಂದಿದ್ದಳು ಕಣೇ’ ಎಂದು ಶುರುಮಾಡಿ, ನಗುವಿಗೆ ತಿರುಗಿಸಿ. ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಕಡೆಯಿಂದ ಕೊಕ್ಕರೆಯ ಸ್ವರ ಕೇಳಿತು. ಜೊತೆಯಲ್ಲಿ ಬೂದು ಕೋಟು.

“ಇವರೇ!” ಎಂದು ಬೂದು ಕೋಟಿನವಳು ದೂರದಿಂದಲೇ ಕೈ ಮುಂದೆ ಮಾಡಿದಳು, ಇವಳ ಕಡೆಗೆ. “ಬೆಳಿಗ್ಗೆ ಅರ್ಧ ಗಂಟೆ ಮಾತಾಡಿದೆವು. ಇಂಥ ಕಲಾವಿದೆ ಈ ಊರಿನಲ್ಲಿದ್ದಾರೆ ಅಂತ ನೀವು ಮೊದಲೇ ಹೇಳಬಾರದಿತ್ತೇ?”

ಕೊಕ್ಕರೆ ನಕ್ಕಳು. ಕೆಡುಕಿಲ್ಲದ, ದೊಡ್ಡ ನಗು. “ಅಯ್ಯೋ, ಅಲ್ಲ ಅಲ್ಲ! ಇವರು ನಮ್ಮ ಸ್ವಯಂಸೇವಕಿ. ಹನ್ನೊಂದು ವರ್ಷದಿಂದ! ಇವರಿಲ್ಲದಿದ್ದರೆ ಮೇಳವೇ ಇಲ್ಲ. ಕಲಾವಿದೆ ಇವರು,” ಎಂದು ಚಿಕ್ಕವಳ ಹೆಗಲ ಮೇಲೆ ಕೈಯಿಟ್ಟಳು.

ಮೂವರೂ ಇವಳನ್ನು ನೋಡಿದರು. ಮರದ ಗೂಡುಗಳ ನಂಬರುಗಳನ್ನು ಅವಳು ಓದತೊಡಗಿದಳು: ಎಪ್ಪತ್ತೊಂದು, ಎಪ್ಪತ್ತೆರಡು. ಬೂದು ಕೋಟಿನವಳು ನೋಟುಪುಸ್ತಕದ ಹಾಳೆಯನ್ನು ಹಿಂದಕ್ಕೆ ತಿರುಗಿಸಿ, ಬರೆದದ್ದನ್ನು ನೋಡಿ, “ಆದರೆ ನೀವು...” ಎಂದು ನಿಲ್ಲಿಸಿದಳು. ಚಿಕ್ಕವಳಿಗೆ ಭಾಷೆ ಅರ್ಧ ಮಾತ್ರ ತಿಳಿಯುತ್ತದೆ. ಆದರೆ ಮುಖ ಓದಲು ಭಾಷೆ ಬೇಕಿಲ್ಲ, ದಿನವಿಡೀ ಕನ್ನಡಿಯೆದುರು ನಿಂತ ಮುಖಗಳನ್ನು ಮಂಡಿಯೂರಿ ಕೆಳಗಿನಿಂದ ನೋಡುವವಳು ಅವಳು. ಒಂದು ಸಲ ಇವಳನ್ನು ನೋಡಿದಳು, ಒಂದು ಸಲ ಆ ಪುಸ್ತಕವನ್ನು. ಎಲ್ಲ ಅರ್ಥವಾಯಿತು. ಅರ್ಥವಾದದ್ದು ಇವಳಿಗೂ ಗೊತ್ತಾಯಿತು. ಚಿಕ್ಕವಳು ಅಂಗೈಗಳನ್ನು ಸೊಂಟಕ್ಕೆ ಒರೆಸಿಕೊಂಡು, ತನಗೆ ಬರುವ ಮುರುಕು ಭಾಷೆಯಲ್ಲಿ ಹೇಳಿದಳು: “ಇಬ್ಬರೂ. ನಾವು ಇಬ್ಬರೂ. ನಾನು ಹೊಲಿ, ಅಕ್ಕ ಮಾತು.”

“ಓಹೋ! ಜೋಡಿ!” ಬೂದು ಕೋಟಿನವಳ ಮುಖ ತಿಳಿಯಾಯಿತು. “ಹಾಗೆ ಹೇಳಿ ಮತ್ತೆ. ಇಬ್ಬರ ಕೆಲಸ. ಅದೂ ಸಾಧ್ಯವಿದೆ, ಕೋಣೆ ದೊಡ್ಡದೇ ಇದೆ.”

ಅಷ್ಟು ಸುಲಭವಾಗಿತ್ತು. ಕತ್ತು ಒಲೆದರೆ ಸಾಕಿತ್ತು, ಮತ್ತೊಂದು ಸಲ. ಮೂರು ಚೀಲ ತುಂಬ ಇವಳು ಹೊರಗೆಸೆದದ್ದನ್ನು ಸದ್ದಿಲ್ಲದೆ ಒಳಗಿಟ್ಟಂತೆ ಚಿಕ್ಕವಳು ಈಗ ಇವಳನ್ನೂ ಎತ್ತಿ ಒಳಗಿಡುತ್ತಿದ್ದಾಳೆ. ಬಸ್ಸಿನ ಕಾರ್ಡು ಉಜ್ಜಲು ಬರದೆ ಕೈಹಿಡಿದುಕೊಂಡವಳು ಈಗ ಮನೆತನದ ಹೆಸರಿನಲ್ಲಿ ಅರ್ಧ ಮುರಿದು ಕೊಡುತ್ತಿದ್ದಾಳೆ, ರೊಟ್ಟಿ ಮುರಿದು ಕೊಟ್ಟಷ್ಟು ಸಲೀಸಾಗಿ. ಬೆಳಿಗ್ಗೆ ಕದ್ದದ್ದು ಕದ್ದದ್ದಾಗಿಯೇ ಉಳಿದಿದ್ದರೆ ಅದಕ್ಕೊಂದು ಬೆಲೆಯಿರುತ್ತಿತ್ತು. ಚಿಕ್ಕವಳು ಕೊಟ್ಟದ್ದಾದರೆ ಅದು ಭಿಕ್ಷೆ.

“ಇಲ್ಲ,” ಎಂದಳು, ಸ್ಪಷ್ಟವಾಗಿ, ಇಲ್ಲಿನ ಭಾಷೆಯಲ್ಲಿ. “ಅವಳು ನನ್ನ ಮರ್ಯಾದೆ ಉಳಿಸಲು ಹೇಳುತ್ತಿದ್ದಾಳೆ. ಎಲ್ಲವೂ ಅವಳದೇ. ನಾನು ಒಂದು ಹೊಲಿಗೆಯನ್ನೂ ಹಾಕಿಲ್ಲ. ಬೆಳಿಗ್ಗೆ ನೀವು ತಪ್ಪು ತಿಳಿದಿರಿ, ನಾನು ತಿದ್ದಲಿಲ್ಲ.”

ಕೊಕ್ಕರೆಯ ಕಣ್ಣು ತುಂಬಿದವು. “ಎಷ್ಟು ಪ್ರಾಮಾಣಿಕರು,” ಎಂದು ಇವಳ ತೋಳು ಸವರಿದಳು. ಆ ಕೈಯನ್ನು ಕೊಡವಿಬಿಡಬೇಕೆನಿಸಿತು. ಇದು ಪ್ರಾಮಾಣಿಕತೆಯಲ್ಲ ಎಂದು ಹೇಳಲು ಮಾತ್ರ ಪದ ಯಾವ ಭಾಷೆಯಲ್ಲೂ ಸಿಗಲಿಲ್ಲ.

ಬೂದು ಕೋಟಿನವಳು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಹೊಸ ಹಾಳೆ ತೆರೆದಳು. “ಹಾಗಾದರೆ ಇವರನ್ನೇ ಕೇಳುತ್ತೇನೆ. ಭಾಷಾಂತರ ಮಾಡುತ್ತೀರಾ? ಇವನ್ನು ಎಸೆಯದೆ ಯಾಕೆ ಇಟ್ಟುಕೊಂಡರು?”

ಅವಳು ಚಿಕ್ಕವಳ ಕಡೆ ತಿರುಗಿದಳು. “ಈ ಪಟ್ಟಿಗಳನ್ನ ಯಾಕೆ ಎಸೀಲಿಲ್ಲ ಅಂತ ಕೇಳ್ತಿದ್ದಾರೆ.”

“ನೀವೇ ಏನಾದ್ರೂ ಚೆನ್ನಾಗಿರೋದು ಹೇಳಿಬಿಡಿ ಅಕ್ಕಾ. ಬೆಳಗ್ಗೆ ಏನು ಹೇಳಿದ್ರೋ ಅದನ್ನೇ.”

“ನಿನ್ನನ್ನ ಕೇಳ್ತಿರೋದು. ನೀನು ಹೇಳು.”

ಚಿಕ್ಕವಳು ಗೋಡೆಯನ್ನು ನೋಡಿದಳು, ಅಲ್ಲಿ ಉತ್ತರ ಬರೆದಿದೆಯೇನೋ ಎಂಬಂತೆ. ಟೇಪಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. “ದಿಂಬಿಗೆ ತುಂಬೋಣ ಅಂತ,” ಎಂದಳು. “ನಮ್ಮನೇಲಿ ಎರಡೇ ದಿಂಬು ಇದ್ದಿದ್ದು. ಊರಿಂದ ಯಾರಾದ್ರೂ ಬಂದ್ರೆ ಬೇಕಾಗತ್ತಲ್ಲ. ಆಮೇಲೆ ನೋಡಿದ್ರೆ, ಮಡಿಚಿ ಹೊಲಿದಿರೋ ತುದಿ ಅಲ್ವಾ, ಗಟ್ಟಿ ಗಟ್ಟಿ, ತಲೆ ಇಟ್ರೆ ಚುಚ್ಚತ್ತೆ. ಬಿಚ್ಚಿ ಚಪ್ಪಟೆ ಮಾಡಿ ಹೊಲೀತಾ ಹೋದೆ. ಯಾರೂ ಬರ್ಲೇ ಇಲ್ಲ. ಹೊಲೀತಾನೇ ಇದ್ದೆ.”

ಇವಳೊಳಗೆ ಏನೋ ಮೆತ್ತಗೆ ಸಂತೋಷದಿಂದ ತಣ್ಣಗಾಯಿತು. ದಿಂಬು. ಸಾವಿರದ ಇನ್ನೂರು ಚಿಲ್ಲರೆ ಪಟ್ಟಿ, ಒಂದು ಗೋಡೆ, ದೊಡ್ಡ ನಗರದಿಂದ ಬಂದ ಹೆಂಗಸು, ದಿಂಬು. ತನ್ನ ಉತ್ತರ ಆ ಪುಸ್ತಕದ ಹಿಂದಿನ ಹಾಳೆಯಲ್ಲಿ ಇನ್ನೂ ಇತ್ತು. ಚಿಕ್ಕವಳೇ ಅದನ್ನು ಹೇಳಿ ಎಂದು ಬೇಡಿದ್ದಳು. ಹೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇವಳು ಹೇಳಲಿಲ್ಲ. ಒಂದು ಪದ ಕೂಡಿಸದೆ, ಒಂದು ಪದ ಬಿಡದೆ, ಕಚೇರಿಯ ಕಾಗದ ಓದಿದಂತೆ ಭಾಷಾಂತರ ಮಾಡಿದಳು. ದಿಂಬಿಗೆ ತುಂಬಲು. ಎರಡೇ ಇದ್ದವು. ತಲೆಗೆ ಚುಚ್ಚುತ್ತಿತ್ತು. ಯಾರೂ ಬರಲಿಲ್ಲ. ಹೊಲಿಯುತ್ತಲೇ ಇದ್ದಳು. ಅಷ್ಟು ನಿಖರವಾಗಿ ಜನ್ಮದಲ್ಲೇ ಏನನ್ನೂ ಹೇಳಿರಲಿಲ್ಲ.

ಬೂದು ಕೋಟಿನವಳು ಪೆನ್ನು ಕೆಳಗಿಳಿಸಿದಳು. ಆಮೇಲೆ ನಕ್ಕಳು, ತಲೆ ಹಿಂದಕ್ಕೆ ಹಾಕಿ, ಹೂಜಿಗಳ ಹತ್ತಿರ ನಿಂತವರು ತಿರುಗಿ ನೋಡುವ ಹಾಗೆ. ನಗುತ್ತಲೇ ಕಣ್ಣೊರೆಸಿಕೊಂಡಳು. “ಯಾರೂ ಬರಲಿಲ್ಲ, ಹೊಲಿಯುತ್ತಲೇ ಇದ್ದಳು,” ಎಂದು ತನ್ನಷ್ಟಕ್ಕೇ ಹೇಳಿಕೊಂಡು ಬರೆದಳು. ಅಡಿಗೆರೆ ಎಳೆದಳು, ಮತ್ತೊಂದು ಎಳೆದಳು. ಬೆಳಿಗ್ಗೆ ಬರೆದಿದ್ದ ಹಾಳೆಗಳನ್ನು ಹಿಂದಕ್ಕೆ ಮಡಿಚಿ ರಬ್ಬರು ಹಾಕಿದಳು. ಕೊಕ್ಕರೆಯ ಕಿವಿಯಲ್ಲಿ ಏನೋ ಅಂದಳು. ಕೊಕ್ಕರೆ ಎರಡೂ ಕೈಯನ್ನು ಎದೆಗೊತ್ತಿಕೊಂಡಳು. ಆಮೇಲೆ ಆಕೆ ಇವಳ ಕಡೆ ತಿರುಗಿ, ನಿಧಾನವಾಗಿ, ಅಧಿಕಾರದ ಸ್ವರದಲ್ಲಿ ಹೇಳಿದಳು: “ನಾನು ಬೇರೆ ಏನೂ ನೋಡಬೇಕಾಗಿಲ್ಲ. ಇವರನ್ನೇ ಕರೆಯುತ್ತಿದ್ದೇವೆ. ಮೂರು ತಿಂಗಳು. ದಯವಿಟ್ಟು ಇವರಿಗೆ ತಿಳಿಸಿ.” ಹೇಳಿ, ತಿಳಿಸುವ ಆ ಗಳಿಗೆ ಕುಟುಂಬದ್ದು ಎಂಬಂತೆ ಕೊಕ್ಕರೆಯನ್ನೂ ಕರೆದುಕೊಂಡು ಎರಡು ಹೆಜ್ಜೆ ಆಚೆ ಸರಿದು ನಿಂತಳು.

ಚಿಕ್ಕವಳು ಇವಳ ತೋಳು ಹಿಡಿದಳು. ಬೆರಳುಗಳು ತಣ್ಣಗಿದ್ದವು. “ಏನಂದ್ರು ಅಕ್ಕಾ? ಅಷ್ಟು ಜೋರಾಗಿ ಯಾಕೆ ನಕ್ರು? ದಿಂಬು ಅನ್ನಬಾರದಿತ್ತಾ?”

ಇಡೀ ಕೋಣೆಯಲ್ಲಿ, ತಿಳಿಯಬೇಕಾದವಳಿಗೆ ತಿಳಿಯದ ಸುದ್ದಿ ಈಗ ಇವಳ ಬಾಯಲ್ಲಿತ್ತು. ಇವಳದೇ ಎನ್ನುವಂಥದ್ದು ಬೆಳಗಿನಿಂದ ಇದೊಂದೇ. ಇವಳು ಅದನ್ನು ಬಾಯಲ್ಲೇ ಹಿಡಿದಿಟ್ಟುಕೊಂಡಳು.

“ಆಗ್ಲಿಲ್ಲ ಅಲ್ವಾ,” ಎಂದಳು ಚಿಕ್ಕವಳು. ನಗಲು ನೋಡಿದಳು. “ಹೋಗ್ಲಿ ಬಿಡಿ ಅಕ್ಕಾ. ನೀವು ಬೇಜಾರು ಮಾಡ್ಕೋಬೇಡಿ.” ಮೇಲೆತ್ತಿದ್ದ ಹುಬ್ಬುಗಳು ಒಂದೊಂದಾಗಿ ಇಳಿದವು. ತುಟಿ ಒಂದು ಮೂಲೆಯಲ್ಲಿ ಒಳಗೆ ಮಡಿಚಿಕೊಂಡಿತು. ವಿಷಾದದ ಪತ್ರವನ್ನು ಓದಿ ಮಡಿಚಿಡುವಾಗ ಮುಖದಲ್ಲಿ ಏನಾಗುತ್ತದೆ ಎಂಬುದು ಇವಳಿಗೆ ಆ ನಾಲ್ಕು ಪತ್ರಗಳಿಂದ ಗೊತ್ತು. ಆದರೆ ಅದನ್ನು ಹೊರಗಿನಿಂದ, ಇನ್ನೊಬ್ಬಳ ಮುಖದಲ್ಲಿ, ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಇವಳು ಒಂದು ಹೆಜ್ಜೆ ಹಿಂದೆ ಸರಿದಳು. ತಲೆಯನ್ನು ಸ್ವಲ್ಪ ಓರೆ ಮಾಡಿ ನೋಡಿದಳು. ಸಾಕೆನಿಸುವವರೆಗೂ ನೋಡಿದಳು.

ಆಮೇಲೆ ಹೇಳಿದಳು.